ಬ್ಯಾನ್ ಆದ ಸಿನಿಮಾಕ್ಕೆ ಚಿನ್ನದ ಪದಕ ಹೇಗೆ ಬಂತು?

ಹೋದ ತಿಂಗಳು ಸಂತೆ ದಿನ ನಮ್ಮೂರ ಬಸ್ ನಿಲ್ದಾಣದ ಪಕ್ಕದ ಹೋಟೆಲ್‌ನಲ್ಲಿ ಒಂದು ಜಗಳ ಆಯಿತು. ಜಮೀನಿನ ಜಗಳವಲ್ಲ, ಪಂಚಾಯ್ತಿ ಜಗಳವೂ ಅಲ್ಲ. ಸಿನಿಮಾ ಜಗಳ. ಅದೂ ಐವತ್ತು ವರ್ಷಕ್ಕೂ ಹಿಂದಿನ ಸಿನಿಮಾ.

ಜಗಳಕ್ಕೆ ಕೂತವರು ಮೂರು ಜನ. ಒಬ್ಬರು ರಿಟೈರ್ ಆದ ಮೇಷ್ಟ್ರು. ಇನ್ನೊಬ್ಬರು ನಮ್ಮೂರ ಟೂರಿಂಗ್ ಟಾಕೀಸಿನಲ್ಲಿ ಮೆಷಿನ್ ಓಡಿಸುತ್ತಿದ್ದ ತಾತ. ಊರೆಲ್ಲ ಇವತ್ತಿಗೂ ಅವರನ್ನು ಆಪರೇಟರ್ ಅಂತಲೇ ಕರೆಯುತ್ತದೆ. ಮೂರನೆಯವರು ಅಣ್ಣಾವ್ರ ಕಟ್ಟಾ ಅಭಿಮಾನಿ, ನಾವು ಗೌಡ್ರು ಅನ್ನೋಣ.

ಮೇಷ್ಟ್ರು ಕಾಫಿ ಲೋಟ ಇಟ್ಟು, "'ಸಂಸ್ಕಾರ' ಬ್ಯಾನ್ ಆಗಿದ್ದ ಪಿಚ್ಚರ್ ಕಣ್ರಯ್ಯ" ಅಂದರು.

ಆಪರೇಟರ್ ತಾತ ನಕ್ಕುಬಿಟ್ಟರು. "ಯಾವ ಬ್ಯಾನು? ನಾನೇ ಟೆಂಟಲ್ಲಿ ಓಡಿಸಿದೀನಿ. ಮೂರು ದಿನ. ನಾಲ್ಕನೇ ದಿನ ನೆಲದಲ್ಲಿ ಹತ್ತು ಜನ ಇರ್ಲಿಲ್ಲ, ಡಬ್ಬಿ ಕಟ್ಟಿ ಬಸ್ಸಿಗೆ ಹಾಕಿದೆ."

ಗೌಡ್ರು ಇಬ್ಬರನ್ನೂ ಬಿಡಲಿಲ್ಲ. "ಅದಕ್ಕೆ ದೆಹಲೀಲಿ ಚಿನ್ನದ ಪದಕ ಬಂದಿಲ್ವಾ? ಬ್ಯಾನ್ ಮಾಡಿದ ಪಿಚ್ಚರ್‌ಗೆ ಸರ್ಕಾರದೋರೇ ಕರೆದು ಪದಕ ಕೊಡ್ತಾರಾ? ಏನ್ ಮೇಷ್ಟ್ರೇ ನೀವು, ಮಕ್ಕಳಿಗೆ ಹಿಂಗೇ ಪಾಠ ಮಾಡಿದ್ರಾ?"

ಆಮೇಲೆ ಮೂವರೂ ನಮ್ಮ ಕಡೆ ತಿರುಗಿದರು. "ಏನಪ್ಪ ಪೇಪರ್‌ನೋನೆ, ನೀನೇ ಹೇಳು." ನಮಗೆ ಗೊತ್ತಿರಲಿಲ್ಲ. ವಡೆ ತಿಂದು ಸುಮ್ಮನೆ ಎದ್ದು ಬಂದೆವು. ಆದರೆ ಪ್ರಶ್ನೆ ಬಿಡಲಿಲ್ಲ. ಓದಿ, ವಿಚಾರಿಸಿ, ಸಿನಿಮಾವನ್ನೂ ಫೋನಿನಲ್ಲಿ ನೋಡಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ಮೊದಲೇ ಹೇಳಿಬಿಡುತ್ತೇವೆ: ಮೂವರು ಹೇಳಿದ್ದೂ ನಿಜ.

ಹಳೇ ಸಿನಿಮಾ ಅಭಿಮಾನಿಗಳ ವಾದ ಕೇಳುವುದೇ ಒಂದು ಮಜಾ. ರಾಜ್‌ಕುಮಾರ್ ಅವರ ಮೊದಲ ಸಿನಿಮಾ ಯಾವುದು ಅಂತ ಕೇಳಿ ನೋಡಿ. ಹತ್ತರಲ್ಲಿ ಒಂಬತ್ತು ಜನ 1954ರ 'ಬೇಡರ ಕಣ್ಣಪ್ಪ' ಅನ್ನುತ್ತಾರೆ. ಹತ್ತನೆಯವನು ಎದ್ದು ನಿಂತು, "ಹೀರೋ ಆಗಿ ಅದು ಮೊದಲನೇದು. ಅದಕ್ಕೂ ಮೊದಲು 'ಶ್ರೀ ಶ್ರೀನಿವಾಸ ಕಲ್ಯಾಣ'ದಲ್ಲಿ ಋಷಿ ವೇಷ ಹಾಕಿದಾರೆ, ಬಂದು ಹೋಗೋದೇ ಗೊತ್ತಾಗಲ್ಲ" ಅನ್ನುತ್ತಾನೆ. ಅವನೂ ಸರಿ, 1952ರ ಸಿನಿಮಾ ಅದು. 'ಬಂಗಾರದ ಮನುಷ್ಯ' ಬೆಂಗಳೂರಿನ ಸ್ಟೇಟ್ಸ್ ಟಾಕೀಸಿನಲ್ಲಿ ಎಷ್ಟು ವಾರ ಓಡಿತು ಅನ್ನುವುದಕ್ಕೆ ನಮ್ಮೂರಲ್ಲಿ ಒಮ್ಮೆ ಕೈ ಕೈ ಮಿಲಾಯಿಸುವ ಮಟ್ಟಕ್ಕೆ ಹೋಗಿತ್ತು. ಇವೆಲ್ಲ ಗೆದ್ದರೂ ಸೋತರೂ ನಷ್ಟವಿಲ್ಲದ ವಾದಗಳು. 'ಸಂಸ್ಕಾರ'ದ ವಾದ ಹಾಗಲ್ಲ. ಅದರ ಹಿಂದೆ ಒಂದು ಸಾವಿದೆ. ಅಲ್ಲಿಗೆ ಆಮೇಲೆ ಬರುತ್ತೇವೆ.

ಕಥೆ ಗೊತ್ತಿಲ್ಲದವರಿಗೆ ಎರಡು ಮಾತು. ಯು.ಆರ್. ಅನಂತಮೂರ್ತಿ 1965ರಲ್ಲಿ ಪ್ರಕಟಿಸಿದ ಕಾದಂಬರಿ 'ಸಂಸ್ಕಾರ'. ಮಲೆನಾಡಿನ ಒಂದು ಅಗ್ರಹಾರ. ಅಲ್ಲಿ ನಾರಣಪ್ಪ ಅನ್ನುವ ಬ್ರಾಹ್ಮಣ ಆಚಾರ ವಿಚಾರ ಎಲ್ಲ ಬಿಟ್ಟು, ಮಾಂಸ ತಿಂದು, ಹೆಂಡ ಕುಡಿದು, ಕೆಳಜಾತಿಯ ಚಂದ್ರಿ ಅನ್ನುವ ಹೆಂಗಸಿನ ಜೊತೆ ಇದ್ದವನು. ಒಂದು ದಿನ ಜ್ವರ ಬಂದು ಸಾಯುತ್ತಾನೆ. ಬಂದಿರುವುದು ಪ್ಲೇಗು. ಹೆಣ ಎತ್ತುವವರು ಯಾರು? ಜಾತಿಯಿಂದ ಹೊರಗೆ ಹಾಕಿರಲಿಲ್ಲ, ಹಾಗಾಗಿ ಸಂಸ್ಕಾರ ಮಾಡದೆ ಬಿಡುವಂತಿಲ್ಲ. ಮಾಡಿದರೆ ಮಾಡಿದವನು ಕೆಡುತ್ತಾನೆ. ಹೆಣ ಇರುವ ತನಕ ಅಗ್ರಹಾರದಲ್ಲಿ ಒಲೆ ಹಚ್ಚುವಂತಿಲ್ಲ. ಎಲ್ಲರೂ ನಂಬಿರುವ ಪ್ರಾಣೇಶಾಚಾರ್ಯರು ಗ್ರಂಥಗಳನ್ನೆಲ್ಲ ತಿರುವಿ ಹಾಕುತ್ತಾರೆ, ಉತ್ತರ ಸಿಗುವುದಿಲ್ಲ. ಚಂದ್ರಿ ಖರ್ಚಿಗೆ ಅಂತ ಮೈಮೇಲಿನ ಚಿನ್ನ ಬಿಚ್ಚಿ ಇಟ್ಟಾಗ, ಅಲ್ಲಿಯ ತನಕ ಮೈಲಿಗೆ ಅನ್ನುತ್ತಿದ್ದವರ ಕಣ್ಣು ಚಿನ್ನದ ಮೇಲೆ ಬೀಳುತ್ತದೆ. ಮುಂದಿನದನ್ನು ಓದಿ ಅಥವಾ ನೋಡಿ.

ಹಳ್ಳಿಯಲ್ಲಿ ಬೆಳೆದ ನಮಗೆ ಇದು ಅರವತ್ತು ವರ್ಷದ ಹಿಂದಿನ ಕಥೆ ಅನ್ನಿಸಲೇ ಇಲ್ಲ. ಸತ್ತವನ ಹೆಣ ಯಾರು ಹೊರಬೇಕು, ಯಾವ ದಾರಿಯಲ್ಲಿ ಹೊರಬೇಕು, ಯಾವ ಮಣ್ಣಿನಲ್ಲಿ ಹೂಳಬೇಕು ಅನ್ನುವ ಗಲಾಟೆಯ ಸುದ್ದಿಯನ್ನು ನಾವೇ ಎಷ್ಟು ಸಲ ಬರೆದಿದ್ದೇವೆ!

ಈ ಕಾದಂಬರಿಯನ್ನು ಸಿನಿಮಾ ಮಾಡಿದವರು ಕನ್ನಡದವರಲ್ಲ. ತಿಕ್ಕವರಪು ಪಟ್ಟಾಭಿರಾಮ ರೆಡ್ಡಿ ನೆಲ್ಲೂರಿನ ಕಡೆಯವರು, ತೆಲುಗು ಕವಿ. ಅವರ ಹೆಂಡತಿ ಸ್ನೇಹಲತಾ ರೆಡ್ಡಿ ಮದ್ರಾಸಿನ ನಾಟಕ ತಂಡ 'ಮದ್ರಾಸ್ ಪ್ಲೇಯರ್ಸ್' ಕಟ್ಟಿದವರಲ್ಲಿ ಒಬ್ಬರು. ಗಿರೀಶ್ ಕಾರ್ನಾಡ್ ಆಗ ಮದ್ರಾಸಿನಲ್ಲೇ ಪುಸ್ತಕ ಪ್ರಕಾಶನದ ಕಂಪನಿಯೊಂದರಲ್ಲಿ ಕೆಲಸದಲ್ಲಿದ್ದರು. ಹೀಗೆ ಮದ್ರಾಸಿನಲ್ಲಿ ಸೇರಿದ ಗೆಳೆಯರ ಬಳಗ ಮಾಡಿದ ಕನ್ನಡ ಸಿನಿಮಾ ಇದು. ಚಿತ್ರಕಥೆ ಕಾರ್ನಾಡರದು, ಪ್ರಾಣೇಶಾಚಾರ್ಯರ ಪಾತ್ರವೂ ಅವರದೇ. ಚಂದ್ರಿಯಾಗಿ ಸ್ನೇಹಲತಾ. ನಾರಣಪ್ಪ ಯಾರು ಗೊತ್ತೇ? ಪಿ. ಲಂಕೇಶ್. ಮುಂದೆ 'ಲಂಕೇಶ್ ಪತ್ರಿಕೆ' ಮಾಡಿ ಮಂತ್ರಿಗಳ ನಿದ್ದೆ ಕೆಡಿಸಿದ ಅದೇ ಲಂಕೇಶ್. ಕ್ಯಾಮೆರಾ ಹಿಡಿದವರು ಟಾಮ್ ಕೋವನ್ ಎಂಬ ಆಸ್ಟ್ರೇಲಿಯಾದವರು. ಕನ್ನಡ ಬಾರದ ಮನುಷ್ಯ ಶೃಂಗೇರಿ ಹತ್ತಿರದ ವೈಕುಂಠಪುರದ ಮನೆ, ಹೊಳೆ, ಕಾಡನ್ನು ಕಪ್ಪು ಬಿಳುಪಿನಲ್ಲಿ ಹೇಗೆ ಹಿಡಿದಿದ್ದಾರೆ ಅಂದರೆ, ನೋಡುತ್ತಿದ್ದರೆ ಮಳೆಗಾಲದ ಶೀತ ಮೈಗೆ ತಾಗಿದಂತಾಗುತ್ತದೆ. ಸಂಗೀತ ಸರೋದ್ ವಾದಕ ರಾಜೀವ ತಾರಾನಾಥ್ ಅವರದು.

ಗೌಡ್ರಿಗೆ ನಾವು ಉಳಿಸಿಟ್ಟುಕೊಂಡಿದ್ದ ಒಂದು ವಿಷಯ ಇದೆ. ಈ ಸಿನಿಮಾದ ನಿರ್ದೇಶನದಲ್ಲಿ ಪಟ್ಟಾಭಿಯವರ ಬಲಗೈ ಆಗಿದ್ದವರು ಸಿಂಗೀತಂ ಶ್ರೀನಿವಾಸರಾವ್. ಮುಂದೆ ಅಣ್ಣಾವ್ರ 'ಹಾಲು ಜೇನು' ಮಾಡಿದ್ದು ಅವರೇ. ಮಾತೇ ಇಲ್ಲದ 'ಪುಷ್ಪಕ ವಿಮಾನ'ವೂ ಅವರದೇ. ಇದನ್ನು ಹೇಳಿದ ಮೇಲೆ ಗೌಡ್ರಿಗೆ 'ಸಂಸ್ಕಾರ'ದ ಮೇಲೆ ಸ್ವಲ್ಪ ಗೌರವ ಬಂತು.

ಈಗ ಬ್ಯಾನಿನ ವಿಷಯ.

ಆ ಕಾಲದಲ್ಲಿ ದಕ್ಷಿಣದ ಸಿನಿಮಾಗಳಿಗೆ ಸೆನ್ಸಾರ್ ಆಗುತ್ತಿದ್ದುದು ಮದ್ರಾಸಿನಲ್ಲಿ. ಕನ್ನಡ ಸಿನಿಮಾದ ಬಹುಪಾಲು ಕೆಲಸವೂ ಅಲ್ಲಿನ ಸ್ಟುಡಿಯೋಗಳಲ್ಲೇ. 1952ರ ಸಿನಿಮಾಟೋಗ್ರಾಫ್ ಕಾಯ್ದೆ ಪ್ರಕಾರ ಸರ್ಟಿಫಿಕೇಟ್ ಇಲ್ಲದೆ ಯಾವ ಟಾಕೀಸೂ ಸಿನಿಮಾ ತೋರಿಸುವಂತಿಲ್ಲ. ಪುಸ್ತಕಕ್ಕೆ ಈ ಕಟ್ಟು ಇಲ್ಲ, ಪತ್ರಿಕೆಗೆ ಇಲ್ಲ. ಮೊದಲು ಅಚ್ಚಾಗುತ್ತದೆ, ತಪ್ಪಿದ್ದರೆ ಆಮೇಲೆ ಕೇಸು. ಸಿನಿಮಾಕ್ಕೆ ಮಾತ್ರ ಮೊದಲೇ ಕೇಳಬೇಕು. ಹಾಗಾಗಿ ಐದು ವರ್ಷದಿಂದ ಅಂಗಡಿಯಲ್ಲಿ ಸಿಗುತ್ತಿದ್ದ, ಜನ ಓದಿ ಬೈದು ಹೊಗಳಿ ಮುಗಿಸಿದ್ದ ಕಥೆಯೇ ಸಿನಿಮಾ ಆಗಿ ಬಂದಾಗ ಮದ್ರಾಸಿನ ಸೆನ್ಸಾರ್‌ನವರು ಆಗುವುದಿಲ್ಲ ಅಂದರು. ಒಂದು ಜಾತಿಯವರ ಮನಸ್ಸಿಗೆ ನೋವಾಗುತ್ತದೆ, ಜಾತಿ ಜಾತಿ ನಡುವೆ ಗಲಾಟೆ ಏಳುತ್ತದೆ ಅನ್ನುವುದು ಭಯ.

ಪುಸ್ತಕಕ್ಕೆ ಇಲ್ಲದ ಭಯ ಸಿನಿಮಾಕ್ಕೆ ಯಾಕೆ? ನಮಗೆ ತೋಚುವ ಉತ್ತರ ಇಷ್ಟು: ಪುಸ್ತಕ ಓದಲು ಅಕ್ಷರ ಬೇಕು. ಸಿನಿಮಾಕ್ಕೆ ನೆಲದ ಟಿಕೆಟ್ಟಿನ ಚಿಲ್ಲರೆ ಸಾಕು. ಓದು ಬಾರದವನೂ ನೋಡುತ್ತಾನೆ, ಒಬ್ಬನೇ ನೋಡುವುದಿಲ್ಲ, ಐನೂರು ಜನರ ಜೊತೆ ಕೂತು ನೋಡುತ್ತಾನೆ. ಸೆನ್ಸಾರ್ ಹೆದರಿದ್ದು ಕಥೆಗಲ್ಲ, ಟೆಂಟಿನ ನೆಲದಲ್ಲಿ ಕೂತ ನಮ್ಮ ಅಪ್ಪ ಅಜ್ಜಂದಿರಿಗೆ.

ಸಿನಿಮಾದವರು ಸುಮ್ಮನಾಗಲಿಲ್ಲ. ಮದ್ರಾಸಿನ ತೀರ್ಮಾನದ ಮೇಲೆ ದೆಹಲಿಯ ತನಕ ಹೋದರು. ಈಗಿನ ಹಾಗೆ ಆಗ ಹೈಕೋರ್ಟಿಗೆ ಓಡುವ ರೂಢಿ ಇರಲಿಲ್ಲ. ಸೆನ್ಸಾರ್ ಮೇಲಿನ ಅಪೀಲು ಕೇಂದ್ರ ಸರ್ಕಾರಕ್ಕೇ ಹೋಗಬೇಕಿತ್ತು. ಕೊನೆಗೆ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಬ್ಯಾನ್ ತೆಗೆಯಿತು. ಸಿನಿಮಾ ಬಿಡುಗಡೆ ಆಯಿತು. ಮದ್ರಾಸಿನವರು ಹೆದರಿದ ಗಲಾಟೆ ಎಲ್ಲೂ ಏಳಲಿಲ್ಲ. ಆಪರೇಟರ್ ತಾತ ಹೇಳಿದ ಹಾಗೆ, ನಮ್ಮೂರಲ್ಲಂತೂ ನಾಲ್ಕನೇ ದಿನ ನೋಡುವವರೇ ಇರಲಿಲ್ಲ!

ಮುಂದಿನದು ಇನ್ನೂ ಚೆನ್ನಾಗಿದೆ. 1970ನೇ ಸಾಲಿನ ರಾಷ್ಟ್ರೀಯ ಪ್ರಶಸ್ತಿಗಳಲ್ಲಿ ದೇಶದ ಅತ್ಯುತ್ತಮ ಚಿತ್ರ ಅಂತ ಆರಿಸಿದ್ದು 'ಸಂಸ್ಕಾರ'ವನ್ನೇ. ಆ ಪ್ರಶಸ್ತಿ ಕನ್ನಡಕ್ಕೆ ಬಂದದ್ದು ಅದೇ ಮೊದಲು. ಸೆನ್ಸಾರ್ ಬೋರ್ಡು ಇರುವುದು ಯಾವ ಸಚಿವಾಲಯದ ಕೆಳಗೋ, ಪ್ರಶಸ್ತಿ ಕೊಡುವುದೂ ಅದೇ ಸಚಿವಾಲಯ. ಒಂದೇ ಮನೆಯ ಮುಂಬಾಗಿಲಲ್ಲಿ ಕತ್ತು ಹಿಡಿದು ನೂಕಿ, ಹಿತ್ತಲ ಬಾಗಿಲಲ್ಲಿ ಕರೆದು ಎಲೆ ಹಾಕಿದ ಹಾಗೆ. ಮೇಷ್ಟ್ರೂ ಸರಿ, ಗೌಡ್ರೂ ಸರಿ ಅಂದದ್ದು ಇದಕ್ಕೇ.

ಅದೇ 1970ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಸೆನ್ಸಾರ್ ಬಗ್ಗೆಯೇ ಒಂದು ದೊಡ್ಡ ತೀರ್ಪು ಕೊಟ್ಟಿತು. ಕೆ.ಎ. ಅಬ್ಬಾಸ್ ಅನ್ನುವ ಹಿಂದಿ ಸಿನಿಮಾ ನಿರ್ದೇಶಕ ತಮ್ಮ ಕಿರುಚಿತ್ರಕ್ಕೆ ಕತ್ತರಿ ಹಾಕಲು ಬಂದಾಗ, ಸಿನಿಮಾಕ್ಕೆ ಮಾತ್ರ ಈ ಮುಂಗಡ ತಪಾಸಣೆ ಯಾಕೆ ಅಂತ ಕೇಳಿ ಕೋರ್ಟಿಗೆ ಹೋಗಿದ್ದರು. ಕೋರ್ಟು, ಸಿನಿಮಾ ಬೇರೆ ಕಲೆಗಳಿಗಿಂತ ಹೆಚ್ಚು ಮನಸ್ಸು ಕಲಕುತ್ತದೆ, ತಪಾಸಣೆ ಇರಲಿ ಅಂದಿತು. ಅಪೀಲು ಕೇಳಲು ಬೇರೆ ಟ್ರಿಬ್ಯುನಲ್ ಮಾಡುತ್ತೇವೆ ಅಂತ ಸರ್ಕಾರ ಒಪ್ಪಿಕೊಂಡಿತು. ಅದು ಬಂದದ್ದು 1983ರಲ್ಲಿ. 2021ರಲ್ಲಿ ಅದನ್ನು ಮುಚ್ಚಿದರು. ಇವತ್ತು ಸೆನ್ಸಾರ್ ಬೇಡ ಅಂದರೆ ನೇರ ಹೈಕೋರ್ಟು, ವಕೀಲರ ಫೀಸು. ಸಣ್ಣ ದುಡ್ಡಿನಲ್ಲಿ ಸಿನಿಮಾ ಮಾಡುವ ಹುಡುಗರಿಗೆ ಇದು ಎಷ್ಟು ಭಾರ ಅನ್ನುವುದು ಬೇರೆ ಲೇಖನದ ವಿಷಯ.

ಸಿನಿಮಾ ಬಿಡುಗಡೆ ಆಯಿತು, ಪದಕ ಬಂತು, ಕಥೆ ಮುಗಿಯಿತು ಅಂತ ಅಭಿಮಾನಿಗಳು ಇಲ್ಲಿಗೇ ನಿಲ್ಲಿಸುತ್ತಾರೆ. ನಾವೂ ನಿಲ್ಲಿಸುತ್ತಿದ್ದೆವು. ಆದರೆ ಫೋನಿನಲ್ಲಿ ಸಿನಿಮಾ ನೋಡುವಾಗ ನಮ್ಮ ಜೊತೆ ಕೂತಿದ್ದ ಗೆಳತಿ, "ಚಂದ್ರಿ ಪಾರ್ಟ್ ಮಾಡಿದಾರಲ್ಲ, ಅವರು ಆಮೇಲೆ ಯಾವ ಸಿನಿಮಾ ಮಾಡಿದ್ರು?" ಅಂತ ಕೇಳಿದಳು.

ಸ್ನೇಹಲತಾ ರೆಡ್ಡಿ ಆಮೇಲೆ ಹೆಚ್ಚು ಸಿನಿಮಾ ಮಾಡಲಿಲ್ಲ. ಲಂಕೇಶರ 'ಕ್ರಾಂತಿ ಬಂತು ಕ್ರಾಂತಿ' ನಾಟಕ ಇಟ್ಟುಕೊಂಡು ಪಟ್ಟಾಭಿಯವರು ಮಾಡಿದ 'ಚಂಡಮಾರುತ'ದಲ್ಲಿ ಇದ್ದಾರೆ. ಅವರೂ ಅವರ ಗಂಡನೂ ಸಮಾಜವಾದಿಗಳು, ಲೋಹಿಯಾ ಹಿಂಬಾಲಕರು. 1975ರ ಜೂನ್ 25ರಂದು ತುರ್ತು ಪರಿಸ್ಥಿತಿ ಘೋಷಣೆ ಆಯಿತು. ಜಾರ್ಜ್ ಫರ್ನಾಂಡಿಸ್ ಭೂಗತರಾದರು. ಅವರ ಗೆಳೆಯರು ಅನ್ನುವ ಕಾರಣಕ್ಕೆ ಪೊಲೀಸರ ಕಣ್ಣು ಈ ಮನೆಯ ಮೇಲೂ ಬಿತ್ತು. 1976ರ ಮೇ 2ರಂದು ಬರೋಡಾ ಡೈನಮೈಟ್ ಪ್ರಕರಣದ ಹೆಸರಲ್ಲಿ ಸ್ನೇಹಲತಾ ಅವರನ್ನು ಬಂಧಿಸಿದರು. ಆ ಪ್ರಕರಣದ ಕೊನೆಯ ಆರೋಪಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. ಆದರೂ ಬಿಡಲಿಲ್ಲ. ವಿಚಾರಣೆ ಇಲ್ಲದೆ ಒಳಗಿಡಲು ಆಗ ಮೀಸಾ ಕಾಯ್ದೆ ಇತ್ತು.

ಇಟ್ಟದ್ದು ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ. ಈಗ ಅದು ಫ್ರೀಡಂ ಪಾರ್ಕ್. ರೈತ ಸಂಘದ ಪ್ರತಿಭಟನೆಗೆ, ಅಂಗನವಾಡಿ ಕಾರ್ಯಕರ್ತೆಯರ ಧರಣಿಗೆ ನಮ್ಮೂರುಗಳಿಂದ ಬಸ್ಸು ತುಂಬಿಕೊಂಡು ಹೋಗಿ ಕೂರುವ ಜಾಗ. ನಾವೂ ವರದಿಗೆ ಹೋಗಿ ಅಲ್ಲಿ ಬಿಸಿಲಲ್ಲಿ ನಿಂತಿದ್ದೇವೆ. ಚಂದ್ರಿ ಅಲ್ಲಿ ಎಂಟು ತಿಂಗಳು ಬಂದಿಯಾಗಿದ್ದರು ಅನ್ನುವುದು ಆಗ ತಿಳಿದಿರಲಿಲ್ಲ.

ಅವರಿಗೆ ಉಬ್ಬಸ ಇತ್ತು. ಆಸ್ತಮಾ ಇರುವವರನ್ನು ಮನೆಯಲ್ಲಿ ನೋಡಿದವರಿಗೆ ಗೊತ್ತು, ಚಳಿ, ಧೂಳು, ಮುಚ್ಚಿದ ಕೋಣೆ ಏನು ಮಾಡುತ್ತವೆ ಅಂತ. ಅದೇ ಜೈಲಿನಲ್ಲಿ ಬಂದಿಯಾಗಿದ್ದ ಮಧು ದಂಡವತೆ, ರಾತ್ರಿಯ ನಿಶ್ಶಬ್ದದಲ್ಲಿ ಅವರ ಕೂಗು ತಮ್ಮ ಕೋಣೆಗೆ ಕೇಳಿಸುತ್ತಿದ್ದುದನ್ನು ಆಮೇಲೆ ಬರೆದಿದ್ದಾರೆ. ಸ್ನೇಹಲತಾ ಜೈಲಿನಲ್ಲಿ ದಿನಚರಿ ಬರೆಯುತ್ತಿದ್ದರು. ತನ್ನ ಕಾಯಿಲೆಗಿಂತ, ಅಲ್ಲಿದ್ದ ಬಡ ಹೆಂಗಸರಿಗೆ ಬೀಳುತ್ತಿದ್ದ ಹೊಡೆತ ಅವರನ್ನು ಹೆಚ್ಚು ಕಾಡಿತ್ತು, ಅದನ್ನು ಅಲ್ಲೇ ಎದುರಿಸಿದರು. ಆ ದಿನಚರಿ 1977ರಲ್ಲಿ ಪುಸ್ತಕವಾಗಿ ಬಂತು.

1977ರ ಜನವರಿ 15ರಂದು ಪೆರೋಲ್ ಮೇಲೆ ಬಿಟ್ಟರು. 18ರಂದು ಇಂದಿರಾ ಗಾಂಧಿ ಚುನಾವಣೆ ಘೋಷಿಸಿದರು. 20ರಂದು ಸ್ನೇಹಲತಾ ತೀರಿಕೊಂಡರು.

ಈ ಮೂರು ತಾರೀಖನ್ನು ಹೋಟೆಲ್ ಕಟ್ಟೆಯಲ್ಲಿ ಹೇಳಿದಾಗ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಗೌಡ್ರು ಮಾತ್ರ, "ಆಯಮ್ಮನ ಪಿಚ್ಚರ್ ಮೂರೇ ದಿನಕ್ಕೆ ಎತ್ತಿಬಿಟ್ಯಲ್ಲೋ" ಅಂತ ಆಪರೇಟರ್ ತಾತನ ಕಡೆ ನೋಡಿದರು.

ತುರ್ತು ಪರಿಸ್ಥಿತಿ ಅಂದಾಗ ಸಿನಿಮಾ ಅಭಿಮಾನಿಗಳು ತಪ್ಪದೆ ಎತ್ತುವ ಹೆಸರು 'ಕಿಸ್ಸಾ ಕುರ್ಸಿ ಕಾ'. ಅಮೃತ್ ನಾಹಟಾ ಅನ್ನುವ ಕಾಂಗ್ರೆಸ್ ಸಂಸದರೇ ಮಾಡಿದ ಹಿಂದಿ ಸಿನಿಮಾ, ಕುರ್ಚಿ ರಾಜಕೀಯದ ಗೇಲಿ. ಅದಕ್ಕೆ ಸರ್ಟಿಫಿಕೇಟ್ ಕೊಡದೆ ಸುಮ್ಮನಾಗಲಿಲ್ಲ, ನೆಗೆಟಿವ್ ಪ್ರಿಂಟುಗಳನ್ನೆಲ್ಲ ವಶಕ್ಕೆ ತೆಗೆದುಕೊಂಡರು. ಅವನ್ನು ಗುರ್ಗಾಂವ್‌ನ ಮಾರುತಿ ಕಾರ್ಖಾನೆಯಲ್ಲಿ ಸುಟ್ಟರು ಅನ್ನುವುದು ಆಮೇಲೆ ಹೊರಬಿತ್ತು. ಸಂಜಯ್ ಗಾಂಧಿ ಮತ್ತು ಮಂತ್ರಿಯಾಗಿದ್ದ ವಿ.ಸಿ. ಶುಕ್ಲಾ ಅವರಿಗೆ 1979ರಲ್ಲಿ ಶಿಕ್ಷೆ ಆಯಿತು, ಮೇಲಿನ ಕೋರ್ಟಿನಲ್ಲಿ ಅದು ರದ್ದಾಯಿತು. ನಾಹಟಾ ಹಠ ಬಿಡದೆ ಅದೇ ಸಿನಿಮಾವನ್ನು ಮತ್ತೆ ಮಾಡಿ 1978ರಲ್ಲಿ ಬಿಡುಗಡೆ ಮಾಡಿದರು.

ನಮಗೆ ಇದಕ್ಕಿಂತ ಇಷ್ಟವಾದದ್ದು ಎಂ.ಎಸ್. ಸತ್ಯು ಅವರ ಕಥೆ. ಸತ್ಯು ಮೈಸೂರಿನವರು. ದೇಶ ಒಡೆದಾಗ ಪಾಕಿಸ್ತಾನಕ್ಕೆ ಹೋಗಲೋ ಇಲ್ಲೇ ಇರಲೋ ಅಂತ ತೊಳಲಾಡುವ ಆಗ್ರಾದ ಒಂದು ಮುಸ್ಲಿಂ ಕುಟುಂಬದ ಬಗ್ಗೆ ಅವರು ಮಾಡಿದ 'ಗರಂ ಹವಾ' ಸಿನಿಮಾ, ಗಲಭೆಯಾಗುತ್ತದೆ ಅನ್ನುವ ಅದೇ ಹಳೇ ಭಯಕ್ಕೆ ತಿಂಗಳುಗಟ್ಟಲೆ ಸೆನ್ಸಾರ್‌ನಲ್ಲಿ ಸಿಕ್ಕಿಬಿತ್ತು. ಸತ್ಯು ನಾಯಕರಿಗೆ, ಪತ್ರಕರ್ತರಿಗೆ ತೋರಿಸುತ್ತಾ ಓಡಾಡಿದರು. ಅದರ ನಾಯಕ ಬಲರಾಜ್ ಸಾಹನಿ ಡಬ್ಬಿಂಗ್ ಮುಗಿಸಿದ ಮರುದಿನವೇ ತೀರಿಹೋಗಿದ್ದರು, ಸಿನಿಮಾ ತೆರೆಗೆ ಬಂದದ್ದನ್ನು ನೋಡಲಿಲ್ಲ. ಕೊನೆಗೆ ಅನುಮತಿ ಸಿಕ್ಕಾಗ ಮೊದಲು ತೆರೆಕಂಡದ್ದು ಎಲ್ಲಿ? ಬೆಂಗಳೂರಿನ ಎರಡು ಟಾಕೀಸುಗಳಲ್ಲಿ. ಇಲ್ಲಿನ ಜನ ಶಾಂತವಾಗಿ ನೋಡಿ ಒಪ್ಪಿಕೊಂಡ ಮೇಲೆ ಉಳಿದ ಕಡೆ ದಾರಿ ತೆರೆಯಿತು. ಬೆಂಗಳೂರಿನ ಆ ಪ್ರೇಕ್ಷಕರ ಬಗ್ಗೆ ಯಾರೂ ಹೆಮ್ಮೆಯಿಂದ ಮಾತಾಡಿದ್ದನ್ನು ನಾವು ಕೇಳಿಲ್ಲ, ಮಾತಾಡಬೇಕು.

ಇಷ್ಟೆಲ್ಲ ಹೇಳಿ ಮುಗಿಸಿದ ಮೇಲೆ ಆಪರೇಟರ್ ತಾತ ಬೀಡಿ ಆರಿಸಿ ಒಂದು ಮಾತು ಹೇಳಿದರು. ನಮ್ಮ ಲೇಖನದ ದಾರಿ ಅಲ್ಲಿ ತಿರುಗಿತು.

"ಮದ್ರಾಸ್ನೋರ ಕತ್ತರಿ ಮಾತ್ರ ಹೇಳ್ತಿಯಲ್ಲ, ನನ್ನ ಕತ್ತರಿ ಹೇಳಲ್ವಾ?"

ಸಿನಿಮಾ ಮೊದಲು ಬೆಂಗಳೂರು, ಮೈಸೂರು, ಆಮೇಲೆ ಜಿಲ್ಲೆ, ಆಮೇಲೆ ತಾಲ್ಲೂಕು, ಕಟ್ಟಕಡೆಗೆ ನಮ್ಮ ಟೆಂಟು. ಅಷ್ಟು ಹೊತ್ತಿಗೆ ಪ್ರಿಂಟಿನ ತುಂಬ ಗೀರು, ಮಳೆ ಬಿದ್ದ ಹಾಗೆ. ಓಡುತ್ತಾ ಓಡುತ್ತಾ ಪಟ್ ಅಂತ ಕಿತ್ತುಹೋಗುತ್ತದೆ. ನೆಲದವರು ಶಿಳ್ಳೆ ಹೊಡೆಯುತ್ತಾರೆ. ತಾತ ಹರಿದ ಎರಡು ತುದಿಯನ್ನೂ ಸ್ವಲ್ಪ ಕತ್ತರಿಸಿ, ಕೆರೆದು, ಅಂಟು ಹಚ್ಚಿ ಒತ್ತಿ ಹಿಡಿದು ಮತ್ತೆ ಓಡಿಸುತ್ತಿದ್ದರು. ಪ್ರತಿ ಸಲ ಒಂದಷ್ಟು ಚಿತ್ರ ಹೋಯಿತು. ಎರಡನೇ ಆಟ ತಡವಾದರೆ ಯಜಮಾನರು ಬಂದು "ಆ ಹಾಡು ಎತ್ತು" ಅನ್ನುತ್ತಿದ್ದರಂತೆ. ಹಾಡು ಎತ್ತಿದ್ದು ಕೆಲವು ಸಲ ವಾಪಸ್ ಸೇರುತ್ತಲೂ ಇರಲಿಲ್ಲ. ಮುಂದಿನೂರಿನವರು ಆ ಹಾಡಿಲ್ಲದ ಸಿನಿಮಾವನ್ನೇ ಪೂರ್ತಿ ಸಿನಿಮಾ ಅಂದುಕೊಂಡು ನೋಡುತ್ತಿದ್ದರು. ಹಳಬರು ಅದರಲ್ಲಿ ಆ ಹಾಡು ಇತ್ತು, ಇರಲಿಲ್ಲ ಅಂತ ಜಗಳ ಆಡುತ್ತಾರಲ್ಲ, ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಬೇರೆ ಬೇರೆ ಊರಲ್ಲಿ ನೋಡಿದ್ದಾರೆ ಅಷ್ಟೆ.

ಸರ್ಕಾರ ತಡೆದ 'ಸಂಸ್ಕಾರ' ಉಳಿದಿದೆ. ತಡೆದ 'ಗರಂ ಹವಾ' ಉಳಿದಿದೆ, 2014ರಲ್ಲಿ ತೊಳೆದು ಹೊಸದು ಮಾಡಿ ಮತ್ತೆ ಟಾಕೀಸುಗಳಲ್ಲಿ ತೋರಿಸಿದರು. ಬೆಂಕಿಗೆ ಹಾಕಿದ 'ಕಿಸ್ಸಾ ಕುರ್ಸಿ ಕಾ' ಕೂಡ ಎರಡನೇ ಸಲ ಹುಟ್ಟಿತು. ತಡೆದದ್ದರಿಂದಲೇ ನಾಲ್ಕು ಜನ ಅವುಗಳ ಹಿಂದೆ ಬಿದ್ದರು. ಯಾರೂ ತಡೆಯದ, ಎಲ್ಲರೂ ಮೆಚ್ಚಿದ, ಜನ ನುಗ್ಗಿ ನೋಡಿದ ಸಿನಿಮಾಗಳು ಏನಾದವು?

ಕನ್ನಡದ ಮೊದಲ ಮಾತಿನ ಸಿನಿಮಾ 'ಸತಿ ಸುಲೋಚನ'. 1934ರ ಮಾರ್ಚ್ 3ರಂದು ಬೆಂಗಳೂರಿನ ಸಿಟಿ ಮಾರ್ಕೆಟ್ ಹತ್ತಿರದ ಪ್ಯಾರಾಮೌಂಟ್ ಟಾಕೀಸಿನಲ್ಲಿ ಬಿಡುಗಡೆ ಆಯಿತು. ದುಡ್ಡು ಹಾಕಿದವರು ಚಮನ್‌ಲಾಲ್ ಡೂಂಗಾಜಿ. ಕನ್ನಡ ನಾಡಿನಲ್ಲಿ ಸ್ಟುಡಿಯೋ ಇಲ್ಲದ್ದರಿಂದ ಕೊಲ್ಹಾಪುರಕ್ಕೆ ಹೋಗಿ ಚಿತ್ರೀಕರಣ ಮಾಡಿದರು. ನಿರ್ದೇಶಕ ವೈ.ವಿ. ರಾವ್; 'ಜೂಲಿ'ಯ ಲಕ್ಷ್ಮಿ ಇದ್ದಾರಲ್ಲ, ಅವರ ತಂದೆ. ಮಾತು, ಹಾಡು ಬೆಳ್ಳಾವೆ ನರಹರಿ ಶಾಸ್ತ್ರಿಗಳದು. ಇಂದ್ರಜಿತುವಾಗಿ ನಾಟಕ ರಂಗದ ಎಂ.ವಿ. ಸುಬ್ಬಯ್ಯ ನಾಯ್ಡು, ರಾವಣನಾಗಿ ಆರ್. ನಾಗೇಂದ್ರರಾವ್, ಸುಲೋಚನೆಯಾಗಿ ತ್ರಿಪುರಾಂಬ. ಸುಬ್ಬಯ್ಯ ನಾಯ್ಡು ಅವರ ಮಗ ಲೋಕೇಶ್. 'ಭೂತಯ್ಯನ ಮಗ ಅಯ್ಯು' ಸಿನಿಮಾದ ಅಯ್ಯು. ಮೊಮ್ಮಗ ಸೃಜನ್ ಲೋಕೇಶ್. ಟಿವಿಯಲ್ಲಿ ನಿಮ್ಮ ಮನೆಯವರನ್ನೆಲ್ಲ ನಗಿಸುವವರ ತಾತ ಕನ್ನಡದ ಮೊದಲ ನಾಯಕ.

ಆ ತಾತನ ದನಿ ಹೇಗಿತ್ತು ಅಂತ ನಾವು ಆ ಸಿನಿಮಾದಿಂದ ಕೇಳುವಂತಿಲ್ಲ. 'ಸತಿ ಸುಲೋಚನ'ದ ಒಂದೇ ಒಂದು ಪ್ರಿಂಟೂ ಉಳಿದಿಲ್ಲ.

ಅದಕ್ಕೂ ಮೊದಲು ಶೂದ್ರಕನ 'ಮೃಚ್ಛಕಟಿಕ' ನಾಟಕ ಇಟ್ಟುಕೊಂಡು ಮಾಡಿದ ಮೂಕಿ ಚಿತ್ರ 'ವಸಂತಸೇನಾ' ಬಂದಿತ್ತು. ಅದರಲ್ಲಿ ಟಿ.ಪಿ. ಕೈಲಾಸಂ ಇದ್ದರು, ಕಮಲಾದೇವಿ ಚಟ್ಟೋಪಾಧ್ಯಾಯ ಇದ್ದರು. ಕೈಲಾಸಂ ನಡೆಯುವುದು, ನಗುವುದು ರೀಲಿನಲ್ಲಿ ದಾಖಲಾಗಿತ್ತು ಅಂದರೆ ಯೋಚನೆ ಮಾಡಿ! ಅದೂ ಇಲ್ಲ. ಇಡೀ ದೇಶದ ಮೊದಲ ಟಾಕಿ, 1931ರ 'ಆಲಂ ಆರಾ', ಅದೂ ಇಲ್ಲ.

ಇವನ್ನು ಯಾವ ಸೆನ್ಸಾರೂ ನುಂಗಲಿಲ್ಲ. ಆಗಿನ ರೀಲು ನೈಟ್ರೇಟಿನದು, ಬೆಂಕಿ ಸೋಕಿದರೆ ಸೌದೆಗಿಂತ ಬೇಗ ಉರಿಯುತ್ತದೆ; ಇಟ್ಟಲ್ಲೇ ಕೊಳೆತು ಪುಡಿಯಾಗುತ್ತದೆ. ಉಳಿದ ರೀಲುಗಳನ್ನು ಅದರ ಮೇಲಿನ ಬೆಳ್ಳಿ ತೆಗೆಯಲು ತೂಕಕ್ಕೆ ಮಾರಿದರು. ಹೌದು, ಬೆಳ್ಳಿ. ಕಪ್ಪು ಬಿಳುಪು ರೀಲಿನ ಚಿತ್ರ ಮೂಡುವುದೇ ಬೆಳ್ಳಿಯ ಕಣದಿಂದ. ಓಟ ಮುಗಿದ ಸಿನಿಮಾಕ್ಕೆ ಬೆಲೆ ಇಲ್ಲ, ಬೆಳ್ಳಿಗೆ ಇದೆ. ಕೂಡಿಡಲು ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಶುರುವಾದದ್ದು 1964ರಲ್ಲಿ. 'ಸತಿ ಸುಲೋಚನ' ಬಂದು ಆಗ ಮೂವತ್ತು ವರ್ಷ ಆಗಿತ್ತು.

ಹುಡುಕಿ, ದುಡ್ಡು ಸುರಿದರೆ ಏನಾಗುತ್ತದೆ ಅನ್ನುವುದಕ್ಕೂ ಕನ್ನಡದ್ದೇ ಉದಾಹರಣೆ ಇದೆ. ಗಿರೀಶ್ ಕಾಸರವಳ್ಳಿಯವರ 1977ರ 'ಘಟಶ್ರಾದ್ಧ', ಅದೂ ಅನಂತಮೂರ್ತಿಯವರ ಕಥೆಯೇ, ಹೊಸ ಜೀವ ಪಡೆದು 2024ರಲ್ಲಿ ಇಟಲಿಯ ವೆನಿಸ್ ಚಿತ್ರೋತ್ಸವದಲ್ಲಿ ತೆರೆಕಂಡಿತು. ನೆಗೆಟಿವ್ ಉಳಿದಿದ್ದರಿಂದ ಆಯಿತು. ಇಲ್ಲದ್ದನ್ನು ಯಾವ ಕಂಪ್ಯೂಟರೂ ತೊಳೆಯಲಾರದು.

ಈಗ ನಮ್ಮೂರಿನ ವಿಷಯ. ಟೆಂಟು ಇದ್ದ ಜಾಗದಲ್ಲಿ ಈಗ ಕಲ್ಯಾಣ ಮಂಟಪ ಇದೆ. ಸಂಜೆ ಘಂಟಸಾಲ ಅವರ ಭಕ್ತಿಗೀತೆ ಮೈಕಿನಲ್ಲಿ ಬಂದರೆ ಆಟ ಶುರು ಅಂತ ಹೊಲದಲ್ಲಿದ್ದವರಿಗೂ ಗೊತ್ತಾಗುತ್ತಿತ್ತಂತೆ. ಯಜಮಾನರ ಮಕ್ಕಳು ಮೆಷಿನ್ನನ್ನು ಗುಜರಿಗೆ ಹಾಕಿದರು. ಪೋಸ್ಟರುಗಳು ದನದ ಕೊಟ್ಟಿಗೆಗೆ ಹೊದಿಕೆಯಾದವು. ಉಳಿದದ್ದು ಏನಾದರೂ ಇದೆಯೇ ಅಂತ ಆಪರೇಟರ್ ತಾತನನ್ನು ಕೇಳಿದೆವು. ಅವರು ನಮ್ಮನ್ನು ಮನೆಗೆ ಕರೆದುಕೊಂಡು ಹೋದರು.

ಅಟ್ಟದಿಂದ ಒಂದು ತಗಡಿನ ಟ್ರಂಕು ಇಳಿಸಿದೆವು. ಅದರಲ್ಲಿ ಮೊಮ್ಮಕ್ಕಳ ಹಳೇ ಬಟ್ಟೆ, ಒಂದು ಕೆಟ್ಟ ಟಾರ್ಚು, ಅದರ ಕೆಳಗೆ ಹಾಡಿನ ಪುಸ್ತಕಗಳು. ಟೆಂಟಿನ ಬಾಗಿಲಲ್ಲಿ ಮಾರುತ್ತಿದ್ದ ತೆಳು ಪುಸ್ತಕ; ಕಥೆ ಅರ್ಧ ಹೇಳಿ ಮಿಕ್ಕದ್ದನ್ನು ಬೆಳ್ಳಿತೆರೆಯ ಮೇಲೆ ನೋಡಿ ಅಂತ ನಿಲ್ಲಿಸುತ್ತಿದ್ದವು. ಗೆದ್ದಲು ತಿಂದು ಅಂಚು ಜಾಲರಿಯಾಗಿತ್ತು. ಹನ್ನೊಂದು ಪುಸ್ತಕ ಓದುವ ಸ್ಥಿತಿಯಲ್ಲಿದ್ದವು. ಎಲ್ಲದರ ಪ್ರತಿ ಪುಟದ ಫೋಟೊ ತೆಗೆದುಕೊಂಡಿದ್ದೇವೆ. ಮೂರರ ಮೇಲೆ ಸಿನಿಮಾದ ಹೆಸರೇ ಹರಿದುಹೋಗಿದೆ. ನಟರ ಹೆಸರಿಂದ ಪತ್ತೆ ಮಾಡಬೇಕು. ನಿಮ್ಮ ಮನೆಯ ಅಟ್ಟದಲ್ಲೂ ಇಂಥವು ಇದ್ದರೆ, ಹಬ್ಬಕ್ಕೆ ಮನೆ ಗುಡಿಸುವಾಗ ಒಲೆಗೆ ಹಾಕುವ ಮೊದಲು ಫೋಟೊ ತೆಗೆದು ನಮಗೆ ಕಳಿಸಿ. ರೀಲಿನ ಡಬ್ಬಿ ಸಿಕ್ಕರೆ ಬೆಂಕಿ, ಬಿಸಿಲಿನ ಹತ್ತಿರ ಇಡಬೇಡಿ, ಬೀಡಿ ಸೇದುತ್ತಾ ತೆರೆಯಲೇಬೇಡಿ.

ಟ್ರಂಕಿನ ತಳದಲ್ಲಿ ಒಂದು ನಶ್ಯದ ಡಬ್ಬಿ ಇತ್ತು. ಅದರೊಳಗೆ ಸುರುಳಿ ಸುತ್ತಿದ ರೀಲಿನ ಚೂರುಗಳು, ತಾತ ಅಂಟಿಸುವಾಗ ಕತ್ತರಿಸಿ ಉಳಿದದ್ದು. ಬೆರಳುದ್ದ, ಗೇಣುದ್ದ. ಒಂದನ್ನು ಎತ್ತಿ ಫೋನಿನ ಟಾರ್ಚಿಗೆ ಹಿಡಿದೆವು. ಕಪ್ಪು ಬಿಳುಪು. ಹೊಳೆ ದಂಡೆ, ತಲೆ ಮೇಲೆ ಸೆರಗು ಹೊದ್ದ ಹೆಂಗಸು, ಮುಖ ಅರ್ಧ ಆಚೆ ತಿರುಗಿದೆ. ಆರು ಚಿತ್ರ, ಆರರಲ್ಲೂ ಅದೇ ಹೆಂಗಸು.

ಫೋಟೊ ತೆಗೆದು ಮರುದಿನ ಹೋಟೆಲಿಗೆ ಒಯ್ದೆವು. ಮೇಷ್ಟ್ರು ಕನ್ನಡಕ ಏರಿಸಿ, "ಇದು ಚಂದ್ರಿ ಅಲ್ವೇನ್ರಿ?" ಅಂದರು. ಗೌಡ್ರು ಫೋನ್ ಕಿತ್ತುಕೊಂಡು, "ಎಂಥಾ ಚಂದ್ರಿ, ಪಂಢರಿಬಾಯಿ ಇದು, ಮೂಗು ನೋಡಿ" ಅಂದರು. ಆಪರೇಟರ್ ತಾತ ಚಿತ್ರವನ್ನು ದೊಡ್ಡದು ಮಾಡಿಸಿ ಬಹಳ ಹೊತ್ತು ನೋಡಿದರು.

"ಈ ಕಡೆ ತಿರುಗ್ತಾಳೆ ಕಣ್ರಯ್ಯ, ಇನ್ನೊಂದು ನಾಲ್ಕು ಚಿತ್ರ ಇದ್ದಿದ್ರೆ ತಿರುಗೋಳು" ಅಂದರು.